ಕರು ಕರೆಯಿತು, ಆಮೆಮರಿ ಕರೆಯಲಿಲ್ಲ: ಜಗಲಿಯ ಓದಿಗೆ ಒಂಬತ್ತು ವಾರ

ಜನವರಿಯ ಎರಡನೇ ಶನಿವಾರ ನಮ್ಮ ಮನೆಯ ಜಗಲಿಯಲ್ಲಿ ಏಳು ಮಕ್ಕಳೊಂದಿಗೆ ಈ ಓದು ಶುರುವಾಯಿತು. ಎಲ್ಲರೂ ಎರಡನೇ, ಮೂರನೇ ತರಗತಿಯವರು. ಹೊನ್ನಾವರ ತಾಲ್ಲೂಕಿನ ಕಡಲಂಚಿನ ಊರು ನಮ್ಮದು. ನಾಲ್ವರ ಮನೆಮಾತು ಕೊಂಕಣಿ. ಅಕ್ಷರ ಎಲ್ಲರಿಗೂ ಬರುತ್ತದೆ. ಆದರೆ ಓದಲು ಕೂತರೆ ಏಳು ಮಂದಿಯದೂ ಒಂದೇ ರಾಗ. ಪ್ರತಿ ಪದದ ಕೊನೆಯನ್ನು ಎಳೆಯುತ್ತಾರೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾರೆ, ಪೂರ್ಣವಿರಾಮವನ್ನು ನಿಲ್ಲದೆ ದಾಟುತ್ತಾರೆ. ಕಥೆಯಲ್ಲಿ ಹುಲಿ ಬಂದರೂ ಅದೇ ದನಿ, ಹಬ್ಬ ಬಂದರೂ ಅದೇ ದನಿ.

ಆ ರಾಗವನ್ನು ಬಿಡಿಸಬೇಕೆಂದು ಪ್ರಾಣಿಗಳ ಮರಿಗಳ ಬಗ್ಗೆ ಚಿಕ್ಕ ಚಿಕ್ಕ ಕಥೆಗಳನ್ನು ನಾನೇ ಬರೆದು ದೊಡ್ಡ ಅಕ್ಷರಗಳಲ್ಲಿ ಹಾಳೆಗಿಳಿಸಿಕೊಂಡೆ. ಮರಿಗಳೇ ಏಕೆಂದರೆ, ಮರಿಯ ಕಥೆಯಲ್ಲಿ ಯಾರೋ ಯಾರನ್ನೋ ಕರೆಯುತ್ತಲೇ ಇರುತ್ತಾರೆ.

ಮೊದಲ ಎರಡು ವಾರ

ನಾನು ಮೊದಲು ಓದಿ ತೋರಿಸುತ್ತಿದ್ದೆ. ತಪ್ಪಿದ್ದೇ ಅಲ್ಲಿ. ಮಕ್ಕಳು ತಮ್ಮ ರಾಗ ಬಿಟ್ಟು ನನ್ನ ರಾಗ ಹಿಡಿದರು, ಕಣ್ಣು ಹಾಳೆಯ ಮೇಲೆ ಇರಲೇ ಇಲ್ಲ. ಮೂರನೇ ವಾರದಿಂದ ಓದಿ ತೋರಿಸುವುದನ್ನು ನಿಲ್ಲಿಸಿದೆ.

ಮೂರು ಮತ್ತು ನಾಲ್ಕನೇ ವಾರ: ಕರು

ಬೇಲಿ ನುಸುಳಿ ದಾರಿ ತಪ್ಪಿದ ಕೆಂಚು ಕರುವಿನ ಕಥೆ. ಓದುವ ಮೊದಲು ಒಂದೇ ಪ್ರಶ್ನೆ ಕೇಳಿದೆ: ಕರು ಎಲ್ಲಿದೆ, ತಾಯಿ ಎಲ್ಲಿದೆ? ಒಬ್ಬನನ್ನು ಬಾವಿಕಟ್ಟೆಯ ಬಳಿ ಹಾಳೆ ಕೊಟ್ಟು ನಿಲ್ಲಿಸಿದೆ, ಇನ್ನೊಬ್ಬಳು ಜಗಲಿಯಲ್ಲಿ. ಹಾಳೆಯಲ್ಲಿ ಇದ್ದದ್ದು ‘ಅಂಬಾ’ ಎಂಬ ಎರಡಕ್ಷರ. ಬಾವಿಯ ಬಳಿ ನಿಂತವನ ಬಾಯಲ್ಲಿ ಅದು ತಾನಾಗಿಯೇ ಉದ್ದವಾಯಿತು.

ವ್ಯಾಕರಣದಲ್ಲಿ ನಾವೆಲ್ಲ ಕಲಿತದ್ದೇ ಇದು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಕರೆಯುವಾಗ ಬರುವ ಆ ಮೂರನೇ ಮಾತ್ರೆಗೆ ನಮ್ಮ ವರ್ಣಮಾಲೆಯಲ್ಲಿ ಬೇರೆ ಅಕ್ಷರವಿಲ್ಲ. ಓದುವವರ ಗಂಟಲೇ ಅದನ್ನು ತುಂಬಿಕೊಡಬೇಕು. ಪ್ಲುತ ಎಂಬ ಹೆಸರು ಹೇಳದೆ ಒಂದು, ಎರಡು, ಮೂರು ಚಪ್ಪಾಳೆಯಲ್ಲಿ ತೋರಿಸಿದೆ. ಕ್ಷಣದಲ್ಲಿ ಹಿಡಿದುಕೊಂಡರು.

ಕರು ಕೊಟ್ಟಿಗೆಗೆ ಮರಳಿದ ಮೇಲೂ ತಾಯಿ ‘ಅಂಬಾ’ ಎನ್ನುತ್ತದೆ ಎಂದು ಬರೆದಿದ್ದೆ. ಮನೆಯಲ್ಲಿ ಹಸು ಇರುವ ಹುಡುಗಿ ಒಪ್ಪಲಿಲ್ಲ. ಕರು ಹತ್ತಿರ ಇದ್ದಾಗ ಹಸು ಬಾಯಿ ತೆರೆಯುವುದೇ ಇಲ್ಲ, ಒಳಗೊಳಗೇ ‘ಹೂಂ’ ಎನ್ನುತ್ತದೆ ಎಂದಳು. ಅವಳ ಮಾತು ಅಕ್ಷರಶಃ ಸರಿ. ದೂರವಾದ ಕರುವಿಗೆ ಹಸು ಬಾಯಿ ತೆರೆದು ಎತ್ತರದ ದನಿಯಲ್ಲಿ ಕೂಗುತ್ತದೆ, ಬಳಿಯಿರುವುದಕ್ಕೆ ಬಾಯಿ ಮುಚ್ಚಿಕೊಂಡೇ ಕೆಳದನಿಯಲ್ಲಿ ಹೂಂಕರಿಸುತ್ತದೆ. ಕಥೆಯನ್ನು ತಿದ್ದಿದೆ. ಆ ‘ಹೂಂ’ ಅನ್ನು ಅವಳು ಓದಿದ ರೀತಿ ಇನ್ನೂ ನನ್ನ ಕಿವಿಯಲ್ಲಿದೆ.

ಐದು, ಆರು

ಕೋಳಿಮರಿ. ಕಾವಿಗೆ ಕೂತು ಸುಮಾರು 21 ದಿನಕ್ಕೆ ಮರಿ ಹೊರಬರುತ್ತದೆ. ಚಿಪ್ಪು ಒಡೆಯುವ ಮೊದಲೇ ಒಳಗಿನಿಂದ ಚಿಂವ್‌ಗುಟ್ಟುತ್ತದೆ. ಅಂಗೈಯಿಂದ ಬಾಯಿ ಮುಚ್ಚಿಕೊಂಡು ಓದಿದರೆ ಮೊಟ್ಟೆಯೊಳಗಿನ ದನಿ, ಕೈ ತೆಗೆದರೆ ಹೊರಗಿನ ದನಿ. ಇದೇ ಕಥೆಯಲ್ಲಿ ಪದದ ಬಾಲವನ್ನೂ ಹಿಡಿದೆವು: ‘ಅಮ್ಮ ಬಂದಳೇ?’, ‘ಅಮ್ಮನೇ ಬಂದಳು!’, ‘ಅಮ್ಮನೋ, ಬೇರೆ ಯಾರೋ’. ಕನ್ನಡದಲ್ಲಿ ಇಡೀ ವಾಕ್ಯದ ಭಾವ ಒಂದು ‘ಏ’ ಅಥವಾ ‘ಓ’ ಮೇಲೆ ಕೂತಿರುತ್ತದೆ. ಅದನ್ನು ನುಂಗಿದರೆ ಓದು ಸಪ್ಪೆ.

ಇಬ್ಬರು ಮಾತ್ರ ಇನ್ನೂ ಒತ್ತಕ್ಷರದ ಬಳಿ ತಡವರಿಸುತ್ತಾರೆ. ಅಕ್ಷರದೊಂದಿಗೆ ಗುದ್ದಾಡುತ್ತಿರುವ ಮಗುವಿಗೆ ‘ಭಾವ ತುಂಬಿ ಓದು’ ಎನ್ನುವುದು ಅನ್ಯಾಯ. ಅವರಿಗೆ ಹಾಳೆಯನ್ನು ಮೊದಲೇ ಮನೆಗೆ ಕೊಡುತ್ತೇನೆ. ನಾಲ್ಕು ಸಲ ಓದಿಕೊಂಡು ಬಂದ ಮೇಲೆಯೇ ದನಿಯ ಮಾತು.

ಏಳರಿಂದ ಒಂಬತ್ತು: ಕಡಲಾಮೆ

ನಮ್ಮ ಮರಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುವ ಕಾಲ ಇದು. ಗೂಡಿನ ಸುತ್ತ ಬೇಲಿ ಕಟ್ಟಿ ಕಾಯುವುದನ್ನು ಈ ಮಕ್ಕಳು ನೋಡಿದ್ದಾರೆ. ಮೊಟ್ಟೆಯಿಟ್ಟು ಮರಳು ಮುಚ್ಚಿ ತಾಯಿ ಕಡಲಿಗೆ ಹೊರಟುಬಿಡುತ್ತದೆ. 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಹೆಚ್ಚಾಗಿ ಕತ್ತಲಲ್ಲಿ, ನೀರಿನ ಮೇಲಿನ ಬೆಳಕನ್ನು ಹಿಡಿದು ತಾವೇ ಸಾಗುತ್ತವೆ. ದಡದಲ್ಲಿ ಕರೆಯುವವರೂ ಇಲ್ಲ, ಓಗೊಡುವವರೂ ಇಲ್ಲ.

ಹಾಗಾದರೆ ಇದನ್ನು ಯಾವ ದನಿಯಲ್ಲಿ ಓದುವುದು? ನನಗೂ ಉತ್ತರ ಹೊಳೆದಿರಲಿಲ್ಲ. ನಾನು ಬರೆದದ್ದು ಹೀಗಿತ್ತು: ‘ಮರಳು ಅಲುಗಿತು. ಒಂದು ಮೂಗು. ಒಂದು ಕಾಲು. ಆಮೇಲೆ ಏನೂ ಇಲ್ಲ.’ ಮೊದಲ ಓದಿನಲ್ಲಿ ಎಲ್ಲರೂ ಒಂದೇ ಉಸಿರಿಗೆ ಮುಗಿಸಿದರು. ಪೂರ್ಣವಿರಾಮದಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದೆ. ‘ಒಂದು ಅಲೆ ಬಂದು ಹೋಗುವಷ್ಟು’ ಎಂದ, ತಡವರಿಸುವ ಇಬ್ಬರಲ್ಲಿ ಒಬ್ಬ. ಅಪ್ಪನ ಜೊತೆ ದೋಣಿಯ ಬಳಿ ಬೆಳೆದ ಹುಡುಗ.

ಹಾಗೆಯೇ ಓದಿದ. ‘ಒಂದು ಮೂಗು’ ಎಂದು ನಿಂತ. ಜಗಲಿಯಲ್ಲಿ ಯಾರೂ ಮಿಸುಕಲಿಲ್ಲ. ಆ ಓದಿನಲ್ಲಿ ಅವನು ಎಲ್ಲಿಯೂ ತಡವರಿಸಲಿಲ್ಲ. ನಿಲ್ಲುವುದಕ್ಕೆ ಅವನಿಗೆ ಈಗ ಜಾಗಗಳಿದ್ದವು.

ಮೊದಲ ವಾರದ್ದನ್ನೂ ಒಂಬತ್ತನೇ ವಾರದ್ದನ್ನೂ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟಿದ್ದೇನೆ. ಐವರಲ್ಲಿ ಹಳೆಯ ರಾಗ ಬಹುಮಟ್ಟಿಗೆ ಹೋಗಿದೆ. ಇನ್ನಿಬ್ಬರು ಹೊಸ ಹಾಳೆ ಕೈಗೆ ಬಂದಾಗ ಮತ್ತೆ ಎಳೆಯುತ್ತಾರೆ.

ಮುಂದಿನದು ಗೊದಮೊಟ್ಟೆಯ ಕಥೆ, ಮಳೆ ಹಿಡಿದ ಮೇಲೆ. ಕಪ್ಪೆಯಾದ ಮೇಲೆ ಊರಿಗೆಲ್ಲ ಕೇಳುವಂತೆ ವಟಗುಟ್ಟುವ ಜೀವಕ್ಕೆ ಬಾಲವಿರುವಷ್ಟು ದಿನ ಎಂಥ ಮೌನ! ಮೊದಲ ಪುಟ ಬರೆದಾಗಿದೆ.