ಅಜ್ಜಿ ಮನೆ ಲಕ್ಷ್ಮಿ ಪಟ

ನಮ್ಮಜ್ಜಿ ದೇವರಕೋಣೇಲಿ ಒಂದು ಲಕ್ಷ್ಮಿ ಪಟ ಇತ್ತು, ಚಿತ್ರಕಾರ ರಾಜಾ ರವಿವರ್ಮನ ಲಕ್ಷ್ಮಿ, ತಾವರೆ ಮೇಲೆ ನಿಂತಿರೋದು. ಸೀರೆ ಅಂಚಿಗೆ ಯಾರೋ ಜರಿ, ಚಮಕಿ ಅಂಟಿಸಿದ್ರು. ಗಾಜಿನ ಮೇಲೆ ಕುಂಕುಮ ಹಚ್ಚಿ ಹಚ್ಚಿ ಪಾದಾನೇ ಕಾಣ್ತಿರ್ಲಿಲ್ಲ.

ಅದು ಪ್ರೆಸ್‌ನಲ್ಲಿ ಅಚ್ಚಾದ ಪಟ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ. 1894ರಲ್ಲಿ ರವಿವರ್ಮ ಬಾಂಬೆಯಲ್ಲಿ ಪ್ರೆಸ್ ಹಾಕಿದ್ರು, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಅಚ್ಚಿನ ಕಲ್ಲು, ಒಂದೇ ಹಾಳೆ ಮೇಲೆ ಒಂದಾದ್ಮೇಲೊಂದು ಒತ್ತಿದ್ರೇನೇ ಆ ಮುಖದ ಹೊಳಪು ಬರೋದು. ಕೊನೆಗೆ ನಷ್ಟ, ಸಾಲ ಎಲ್ಲ ಸೇರಿ ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಷ್ಲೈಶರ್‌ಗೆ ಪ್ರೆಸ್ಸನ್ನೇ ಮಾರಿಬಿಟ್ರು. ಆಮೇಲೆ ಅದೇ ದೇವರುಗಳು ಜಾಹೀರಾತಿಗೂ ಬಂದ್ರು.

ದೇವರನ್ನ ವ್ಯಾಪಾರಕ್ಕಿಟ್ರು ಅಂತ ಬೈಯೋರು ಇದಾರೆ, ನಂಗೆ ಹಾಗನ್ಸಲ್ಲ. ಗರ್ಭಗುಡಿ ಹತ್ರಾನೂ ಬಿಟ್ಟುಕೊಳ್ಳದೇ ಇದ್ದ ಜನರ ಗುಡಿಸಲಿಗೂ ದೇವಿ ಹೋಗಿದ್ದು ಅದೇ ಮಾರಾಟದಿಂದ ತಾನೆ, ಕಾಸು ಕೊಟ್ಟೋರ ಮನೆಗೆಲ್ಲ ಬಂದ್ಲು, ಜಾತಿ ಕೇಳ್ಲಿಲ್ಲ. ಆದ್ರೆ ಊದುಬತ್ತಿ ಕವರ್ ಮೇಲಿನ ದೇವರ ಮುಖ ಚರಂಡೀಲಿ ಬಿದ್ದಿದ್ದು ನೋಡಿದಾಗ ಹೊಟ್ಟೆಯೊಳಗೆ ಏನೋ ಕಿವುಚಿದಂಗಾಗುತ್ತೆ, ಬಗ್ಗಿ ಎತ್ತಿಡದೆ ಮುಂದೆ ಹೋಗಕ್ಕಾಗಲ್ಲ.

ಅಜ್ಜಿ ಅಂಗಡಿಯೋರು ಕೊಟ್ಟ ಕ್ಯಾಲೆಂಡರ್‌ನೂ ಎಸೀತಿರ್ಲಿಲ್ಲ. ಯುಗಾದಿ ಹಿಂದಿನ ದಿನ ಕತ್ತರಿ ತಗೊಂಡು ಕೂತು, ಕೆಳಗಿನ ತಾರೀಖು, ಅಂಗಡಿ ಹೆಸರು, ಫೋನ್ ನಂಬರ್ ಎಲ್ಲ ನಾಜೂಕಾಗಿ ಕತ್ತರಿಸಿ ತೆಗೆದು, ಉಳಿದ ದೇವರಿಗೆ ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸೋರು. ಹಂಗೆ ಅಂಟಿಸಿದ ಒಬ್ಬ ವೆಂಕಟರಮಣ ಈಗಲೂ ಆ ಗೋಡೆ ಮೇಲಿದಾನೆ, ಒಂದು ಮೂಲೆ ಮಾತ್ರ ಎದ್ದಿದೆ.