‘ಸೋರಲ್ವಾ?’ ಎಂದು ಕೇಳುವವರಿಗೆ

ಸೋರುತ್ತದೆ.

ಅಡಿಕೆ ಎಲೆ ಹೊದೆಸಿದ ನನ್ನ ಗುಡಿಸಲು ಸೋರಲ್ವಾ ಎಂದರೆ, ಉತ್ತರ ಇಷ್ಟೇ. ಅವಸರವಿದ್ದವರು ಇಲ್ಲಿಂದಲೇ ಎದ್ದು ಹೋಗಬಹುದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಅವರ ಮೊಬೈಲಿಗೆ ಕಳಿಸಿ ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ನಾನಿರುವುದು ಸಿರ್ಸಿ–ಸಿದ್ದಾಪುರದ ನಡುವಿನ ಒಂದು ಹಳ್ಳಿಯಲ್ಲಿ, ಅಣ್ಣನ ಅಡಿಕೆ ತೋಟ ಮುಗಿದು ಬೆಟ್ಟ ಏರತೊಡಗುವ ಜಾಗದಲ್ಲಿ. ಹಳೇ ಕೊಟ್ಟಿಗೆ ಕಿತ್ತಾಗ ಉಳಿದ ಮತ್ತಿ ಕಂಬ, ನಮ್ಮದೇ ಮೆಳೆಯ ಬಿದಿರ ಗಳ, ರೀಪಿಗೆ ಅಡಿಕೆ ಮರ ಸೀಳಿದ ದಬ್ಬೆ, ಹುತ್ತದ ಮಣ್ಣು ಕಲಸಿ ಹಾಕಿದ ಗೋಡೆ, ಸಗಣಿ ಸಾರಿಸಿದ ನೆಲ, ಮೇಲೆ ಸೋಗೆ. ಸೋಗೆ ಎಂದರೆ ಅಡಿಕೆ ಮರದ ಒಣಗಿದ ಎಲೆ. ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತ ಕೂತಿದ್ದ ಹೆಂಗಸು ಅದನ್ನೆಲ್ಲ ಬಿಟ್ಟು ಇಂಥ ಗುಡಿಸಲಿಗೆ ಯಾಕೆ ಬಂದಳು ಎಂದು ಕೇಳಿದ್ದರೆ ಒಂದು ಮಾತು. ಅದನ್ನು ಯಾರೂ ಕೇಳುವುದಿಲ್ಲ. ಒಳಗೆ ಬಂದವರು ಚಪ್ಪಲಿ ಬಿಡುವ ಮೊದಲೇ ತಲೆ ಎತ್ತಿ ಮಾಡು, ಅಂದರೆ ಮೇಲಿನ ಚಾವಣಿ, ನೋಡುತ್ತಾರೆ, ಮೂಗು ಸ್ವಲ್ಪ ಸೊಟ್ಟ ಮಾಡುತ್ತಾರೆ, ಆಮೇಲೆ ‘ಸೋರಲ್ವಾ?’ ಗ್ಯಾಸ್ ತಂದವನು ಕೇಳುತ್ತಾನೆ. (ಹೌದು, ಗ್ಯಾಸ್ ಇದೆ. ಅದಕ್ಕೂ ಕೆಲವರಿಗೆ ಬೇಜಾರು.) ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವನೂ ಸೌಟು ಎತ್ತಿ ಹಿಡಿದು ಕೇಳುತ್ತಾನೆ. ಪಾಯಸ ಬೀಳಬೇಕಾದರೆ ಉತ್ತರ ಕೊಡಲೇಬೇಕು.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದು ನನಗೊಬ್ಬಳಿಗೇ ಬರುತ್ತದಲ್ಲ, ಅದಕ್ಕೆ. ಸಿರ್ಸಿಯಿಂದ ಸಾಗರದವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತು ನೋಡಿಕೊಂಡು ಹೋಗಿ. ಎಷ್ಟು ತಾರಸಿ ಮನೆಗಳಿವೆಯೋ ಅಷ್ಟರ ನೆತ್ತಿಯ ಮೇಲೂ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹೊದೆಸಿದ್ದಾರೆ. ಲಕ್ಷಗಟ್ಟಲೆ ಸುರಿದು ಸ್ಲ್ಯಾಬ್ ಹಾಕಿಸಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಸ್ಲ್ಯಾಬಿಗೇ ಒಂದು ಕೊಡೆ ಹಿಡಿಸಿದ್ದಾರೆ. ಯಾಕೆ? ಅವರ ಗೃಹಪ್ರವೇಶಕ್ಕೆ ಹೋಗಿ, ಹಾಲ್‌ನ ನಡುವೆ ನಿಂತು, ತಲೆ ಎತ್ತಿ ‘ಸೋರಲ್ವಾ?’ ಎಂದು ಕೇಳಿದರೆ ಊಟ ಹಾಕಿ ಕಳಿಸುತ್ತಾರೆಯೇ?

ಮಲೆನಾಡಿನ ಮಳೆ ಎಲ್ಲವನ್ನೂ ಸೋರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ನಮ್ಮ ಕಡೆ ಅದರ ಅರ್ಧವೂ ಇಲ್ಲ, ಆದರೂ ಬರುವುದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಮುಗಿಯುತ್ತದೆ. ಚಪ್ಪಟೆ ತಾರಸಿ ಅಷ್ಟು ನೀರನ್ನು ತಲೆಯ ಮೇಲೆ ಹೊತ್ತು ನಿಲ್ಲುತ್ತದೆ. ಸೋಗೆ ಆ ಜವಾಬ್ದಾರಿಯನ್ನೇ ತೆಗೆದುಕೊಳ್ಳುವುದಿಲ್ಲ. ಅದು ನೀರನ್ನು ತಡೆಯುವ ವಸ್ತುವಲ್ಲ, ಮುಂದಕ್ಕೆ ದಾಟಿಸುವ ವಸ್ತು. ಮೇಲಿನ ಎಲೆ ಕೆಳಗಿನ ಎಲೆಗೆ, ಅದು ಅದರ ಕೆಳಗಿನದಕ್ಕೆ, ಹಾಗೇ ಸೂರಿನ ತನಕ. ಇದಕ್ಕೆ ಮಾಡು ಚೆನ್ನಾಗಿ ಕಡಿದಾಗಿರಬೇಕು. ಸುಮಾರು ನಲವತ್ತೈದು ಡಿಗ್ರಿ ಓಟ, ಅಂದರೆ ಇಳಿಜಾರು, ಇದ್ದರೆ ಮೇಲಿನ ಒಂದೆರಡು ಪದರ ಮಾತ್ರ ನೆನೆಯುತ್ತದೆ, ಒಳಗಿನದು ಒಣಗೇ ಇರುತ್ತದೆ. ಚೆಂದ ಕಾಣಲಿ ಎಂದು ಓಟ ಕಡಿಮೆ ಮಾಡಿದ ರೆಸಾರ್ಟ್ ಗುಡಿಸಲುಗಳಲ್ಲಿ ಸೋಗೆಯ ಅಡಿಗೆ ನೀಲಿ ಟಾರ್ಪಾಲು ಇರುತ್ತದೆ. ಮುಂದಿನ ಸಲ ಹೋದಾಗ ಒಂದು ಎಲೆ ಎತ್ತಿ ನೋಡಿ.

ಹಾಗಿದ್ದೂ ಸೋರುತ್ತದೆ ಎಂದೆನಲ್ಲ, ಅದು ಮಂಗಗಳ ಕೃಪೆ. ಹಲಸಿನ ಮರದಿಂದ ಮಾಡಿಗೆ ಹಾರುತ್ತವೆ, ಬಿದ್ದ ರಭಸಕ್ಕೆ ಒಂದೆರಡು ಸೋಗೆ ಜರುಗುತ್ತದೆ. ಒಲೆಯ ಹೊಗೆ ಕುಡಿದು ಕುಡಿದು ಕಪ್ಪಾದ ಸೋಗೆಯಿಂದ ಇಳಿಯುವ ಹನಿ ಕಷಾಯದ ಬಣ್ಣಕ್ಕಿರುತ್ತದೆ. ಬಿಳಿ ಬಟ್ಟೆಯ ಮೇಲೆ ಬಿದ್ದರೆ ಆ ಕಲೆ ಯಾವ ಸೋಪಿಗೂ ಜಗ್ಗುವುದಿಲ್ಲ. ಆದರೆ ಅದೇ ಹೊಗೆ ಹುಳ ಹಿಡಿಯದಂತೆ ಕಾಯುತ್ತದೆ. ಒಲೆ ಉರಿಯದ ಸೋಗೆ ಮನೆ ಬೇಗ ಪುಡಿಯಾಗುತ್ತದೆ. ಗ್ಯಾಸ್ ಇದ್ದೂ ನಾನು ದಿನಕ್ಕೊಮ್ಮೆ ಒಲೆ ಹೊತ್ತಿಸುವುದು ಅದಕ್ಕೆ, ಹಳೇ ಕಾಲದ ಮೋಹಕ್ಕಲ್ಲ.

ಸೋರಿಕೆ ಹುಡುಕುವುದು ಒಂದು ವಿದ್ಯೆ. ಹನಿ ಬೀಳುವ ಜಾಗದ ನೇರ ಮೇಲೆ ತೂತು ಇರುವುದೇ ಇಲ್ಲ. ನೀರು ಎಲ್ಲೋ ಒಳಗೆ ನುಗ್ಗಿ, ಗಳ ಹಿಡಿದು ಕೆಳಗಿಳಿದು, ಗಂಟು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಗಳಕ್ಕೆ ಬೆರಳು ತಾಗಿಸಿಕೊಂಡು ಮೇಲಕ್ಕೆ ಹೋಗಬೇಕು. ಒದ್ದೆ ಎಲ್ಲಿ ಮುಗಿಯಿತೋ ಅಲ್ಲಿ ಒಳಗಿನಿಂದ ಒಂದು ಬಿದಿರ ಕಡ್ಡಿ ಚುಚ್ಚಿ ಹೊರಗೆ ಕಾಣುವಂತೆ ಮಾಡಬೇಕು. ಹೊರಗೆ ಏಣಿಯ ಮೇಲಿದ್ದವರು ಆ ಕಡ್ಡಿ ನೋಡಿ, ಅದರ ಮೇಲಿನ ಸೋಗೆಯನ್ನು ಅಂಗೈಯಿಂದ ಎತ್ತಿ, ಹೊಸದೊಂದನ್ನು ಬುಡ ಮೇಲಾಗಿ ತುರುಕಿ, ‘ಆಯ್ತು, ಕಡ್ಡಿ ಎಳ್ಕಳಿ’ ಎನ್ನುತ್ತಾರೆ. ಐದು ನಿಮಿಷದ ಕೆಲಸ. ತಾರಸಿ ಸೋರಿದರೆ ಐದು ನಿಮಿಷದಲ್ಲಿ ಮೇಸ್ತ್ರಿಯ ಫೋನ್ ನಂಬರ್ ಸಿಗುವುದೂ ಕಷ್ಟ.

ಗಮನಿಸಿ: ಒಳಗೊಬ್ಬರು, ಹೊರಗೊಬ್ಬರು. ಇದಕ್ಕೆ ಆಮೇಲೆ ಬರುತ್ತೇನೆ.

ಅಣ್ಣನ ಮಗ ಬೆಂಗಳೂರಿನಲ್ಲಿದ್ದಾನೆ. ಒಂದು ಜುಲೈಯಲ್ಲಿ ನಾಲ್ಕು ಸ್ನೇಹಿತರನ್ನು ಕಟ್ಟಿಕೊಂಡು ಬಂದ. ‘ಅತ್ತೆ, ಇವರಿಗೆಲ್ಲ ಬುಶ್‌ಕ್ರಾಫ್ಟ್ ಅಂದ್ರೆ ಹುಚ್ಚು, ನಿನ್ನ ಮನೆ ನೋಡ್ಬೇಕಂತೆ’ ಅಂದ. ಕಾಡಿನಲ್ಲಿ ಸಿಕ್ಕಿದ್ದರಲ್ಲೇ ಬದುಕುವ ವಿದ್ಯೆಯಂತೆ ಅದು. ಬೆನ್ನಿಗೆ ಟಾರ್ಪು, ಹ್ಯಾಮಕ್ಕು, ಕೊಡಲಿಗಿಂತ ದುಬಾರಿಯಾದ ಒಂದು ಚಾಕು. ಕಾಲಿನ ತುಂಬ ರಕ್ತ ಹೀರುವ ಉಂಬಳ. ಅದರಲ್ಲೊಬ್ಬ ಬಾಗಿಲಲ್ಲೇ ನಿಂತು, ‘ಆಂಟಿ, ಸೋರಲ್ವಾ?’ ಅಂದ. ನಾನು ಮಾತಾಡಲಿಲ್ಲ. ಅವನು ನಿಂತ ಜಾಗದಲ್ಲಿ ಮಳೆಗೆ ಅಡ್ಡ ತಟ್ಟಿ ಕಟ್ಟುವುದು ಬಾಕಿ ಇತ್ತು, ಗಾಳಿಗೆ ಎರಚಲು ಹೊಡೆದು ಅವನ ಬೆನ್ನು ಪೂರ್ತಿ ಒದ್ದೆಯಾಯಿತು. ಒಳಗೆ ಬಾ ಅಂತಲೂ ಹೇಳಲಿಲ್ಲ.

ಸಂಜೆ ಅವರೇ ಒಲೆ ಹೊತ್ತಿಸುತ್ತೇವೆ ಎಂದು ಕೂತರು. ಬೆಂಕಿಪೊಟ್ಟಣ ಮುಟ್ಟಬಾರದಂತೆ, ಫೆರೋ ರಾಡ್ ಎಂಬ ಲೋಹದ ಕಡ್ಡಿ ಗೀರಿ ಕಿಡಿ ಹಾರಿಸಬೇಕಂತೆ. ಕಿಡಿಯೇನೋ ಹಾರಿತು, ದೀಪಾವಳಿಯಷ್ಟು ಹಾರಿತು. ಹೊತ್ತಿಕೊಳ್ಳುವುದಕ್ಕೆ ಏನಾದರೂ ಒಣಗಿರಬೇಕಲ್ಲ? ಜುಲೈಯಲ್ಲಿ ನಮ್ಮಲ್ಲಿ ಉಪ್ಪಿನ ಭರಣಿಯೇ ನೀರು ಬಿಡುತ್ತದೆ. ಹೊರಗಿನಿಂದ ತಂದ ತೊಗಟೆ, ಹುಲ್ಲು, ಎಲೆ ಎಲ್ಲ ಹಿಂಡಿದರೆ ನೀರು ಬರುವಂಥದ್ದು. ಮಳೆಗಾಲದ ಬೆಂಕಿಯನ್ನು ಏಪ್ರಿಲ್‌ನಲ್ಲೇ ಹೊತ್ತಿಸಿಟ್ಟಿರಬೇಕು. ಕಟ್ಟಿಗೆ ಸೀಳಿ ಸೂರಿನಡಿ ಪೇರಿಸಿ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ ಎಲ್ಲ ಅಟ್ಟಕ್ಕೆ ಏರಿಸಿ, ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗಿದರೆ ಬೆಳಿಗ್ಗೆ ಊದುವುದಷ್ಟೇ ಕೆಲಸ. ಇವರು ಬಹಳ ಹೊತ್ತು ಒದ್ದಾಡುವುದನ್ನು ತೋಟದ ಕೆಲಸಕ್ಕೆ ಬರುವ ಅಜ್ಜಿ ಕಂಬಳಿ ಕೊಪ್ಪೆಯೊಳಗಿಂದಲೇ ನೋಡುತ್ತ ನಿಂತಿದ್ದರು. ಕೊನೆಗೆ ತಡೆಯಲಾರದೆ ಒಳಗೆ ಬಂದು, ಒಲೆಯ ಮೇಲಿನ ಅಟ್ಟಕ್ಕೆ ಕೈ ಹಾಕಿ, ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ತೆಗೆದು, ಬೆಂಕಿಕಡ್ಡಿ ಗೀರಿ ಹಚ್ಚಿ ಕಟ್ಟಿಗೆಯ ಅಡಿಗೆ ತುರುಕಿದರು. ಭಗ್ಗೆಂದು ಹತ್ತಿತು. ರಬ್ಬರ್ ಸುಟ್ಟ ವಾಸನೆಗೆ ಎಲ್ಲರೂ ಕೆಮ್ಮಿದರು. ಯೂಟ್ಯೂಬಿನಲ್ಲಿ ಈ ವಾಸನೆ ಬರುವುದಿಲ್ಲ, ಟ್ಯೂಬೂ ಬರುವುದಿಲ್ಲ.

ಊಟ ಮಾಡುತ್ತ ಅವರಿಗೆ ಯೋಜನೆ ಹೊಳೆಯಿತು. ‘ನಾವೂ ಇಲ್ಲೇ ಮೇಲೆ ಕಾಡಲ್ಲಿ ಒಂದು ಕಟ್ಕೊಂಡ್ರೆ? ವೀಕೆಂಡ್ ಬಂದು ಇರಬಹುದು.’ ಇದು ಎರಡನೇ ಪ್ರಶ್ನೆ. ಇದಕ್ಕೂ ಇಲ್ಲೇ ಉತ್ತರ ಬರೆದುಬಿಡುತ್ತೇನೆ. ಕಟ್ಟುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಇದೆ ಎಂಬುದು ನಿಜ. ಬ್ರಿಟಿಷರ ಕಾಲದಿಂದ ಬಂದದ್ದು. ಅದರಿಂದ ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು, ಒಣ ಕಟ್ಟಿಗೆ ತರಬಹುದು. ನೆಲ ನಮ್ಮದಲ್ಲ, ಅರಣ್ಯ ಇಲಾಖೆಯದು. ಅಲ್ಲಿ ನಾನೂ ಒಂದು ಕಂಬ ನೆಡುವಂತಿಲ್ಲ. ಅದರಾಚೆಯ ಮೀಸಲು ಅರಣ್ಯದಲ್ಲಿ ಮರ ಕಡಿಯುವುದು ಹೋಗಲಿ, ಬೆಂಕಿ ಹಾಕಿ ಚಹಾ ಕಾಯಿಸಿದರೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕೆನಡಾದ ಯಾರೋ ಗಡ್ಡದವನು ಒಬ್ಬನೇ ಮರ ಉರುಳಿಸಿ ಮನೆ ಕಟ್ಟುವುದನ್ನು ನೋಡಿ ಇಲ್ಲಿ ಕೊಡಲಿ ಎತ್ತಿದರೆ ಮೊದಲ ವೀಕೆಂಡ್ ಗಾರ್ಡ್ ಜೊತೆ ಕಳೆಯಬೇಕಾಗುತ್ತದೆ. ನನ್ನ ಗುಡಿಸಲು ನನ್ನ ಪಾಲಿಗೆ ಬಂದ ಮಾಲ್ಕಿ, ಅಂದರೆ ಸ್ವಂತ, ಜಾಗದಲ್ಲಿದೆ. ಕಾಗದವಿದೆ, ಬೇಕಾದರೆ ತೋರಿಸುತ್ತೇನೆ.

ಹೆದರಿಕೆಯ ಬಗ್ಗೆಯೂ ಒಂದು ಮಾತು. ಹುಲಿ, ಚಿರತೆ ಎಂದು ಕೇಳುತ್ತಾರೆ. ನನಗೆ ಹೆದರಿಕೆ ಉಣುಗಿನದು, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಆ ಸಣ್ಣ ಹುಳದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಆ ಉಣುಗಿನಿಂದಲೇ ಹರಡುತ್ತದೆ. ಸಾಗರ, ಸಿದ್ದಾಪುರದ ಹಳ್ಳಿಗಳಲ್ಲಿ ಜೀವಗಳು ಹೋಗಿವೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ದರಕು ಗುಡಿಸುವುದು, ಕಟ್ಟಿಗೆ ತರುವುದು, ಸೋಗೆ ಹೊದೆಸುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಬೆಟ್ಟದಲ್ಲಿ ಮಂಗ ಸತ್ತಿದೆ ಎಂದು ಸುದ್ದಿ ಬಂದರೆ ಆ ಕಡೆ ಕಾಲಿಡುವುದಿಲ್ಲ, ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡುತ್ತೇವೆ. ಉಳಿದ ದಿನ ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ. ಹಾವಿನ ವಿಷಯದಲ್ಲಿ ಒಂದೇ ನಿಯಮ: ನೆಲದ ಮೇಲೆ ಮಲಗುವುದಿಲ್ಲ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ನಿದ್ದೆ ಮಾಡುವವರನ್ನು. ಮಂಚ, ಸೊಳ್ಳೆಪರದೆ, ತಲೆದಿಂಬಿನಡಿ ಬ್ಯಾಟರಿ. ಮುಗಿಯಿತು.

ಈಗ ಆ ಒಳಗೊಬ್ಬರು ಹೊರಗೊಬ್ಬರ ವಿಷಯ. ‘ಹೊದೆಸೋದು ಯಾರು?’ ಎಂದು ಇಷ್ಟು ಜನರಲ್ಲಿ ಒಬ್ಬರಾದರೂ ಕೇಳಿದ್ದರೆ ಕೂರಿಸಿ ತಂಬುಳಿ ಅನ್ನ ಹಾಕುತ್ತಿದ್ದೆ. ‘ನೀವೇ ಕಟ್ಕೊಂಡ್ರಂತೆ!’ ಎಂದು ಹೊಗಳುತ್ತಾರೆ. ನಾನು ಕಟ್ಟಿಲ್ಲ. ಸೋಗೆ ಮಾಡು ಒಬ್ಬರಿಂದ ಆಗುವಂಥದ್ದೇ ಅಲ್ಲ. ಬೇಸಿಗೆಯಲ್ಲಿ ಸೋಗೆ ಆರಿಸಿ ತಂದು, ಬುಡದ ಅಡಿಕೆ ಹಾಳೆ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ ಕಲ್ಲು ಹೇರಿ ಚಪ್ಪಟೆ ಮಾಡಿಡಬೇಕು. ಹೊದೆಸುವ ದಿನ ಹಳೆಯದನ್ನು ಕಿತ್ತ ಮೇಲೆ ಸಂಜೆಯೊಳಗೆ ಹೊಸದು ಮುಗಿಯಬೇಕು, ಬಿಚ್ಚಿದ ಮಾಡಿನಡಿ ರಾತ್ರಿ ಕಳೆಯುವಂತಿಲ್ಲ. ಕೆಳಗಿನಿಂದ ಕೊಡುವವರು, ಏಣಿಯ ಮೇಲೆ ದಾಟಿಸುವವರು, ಮೇಲೆ ಕೂತು ಸೂರಿನಿಂದ ನೆತ್ತಿಯ ಕಡೆಗೆ ಹಾಸುತ್ತ ಬರುವವರು, ಒಳಗಿನಿಂದ ದಬ್ಬೆಗೆ ಬಳ್ಳಿ ಬಿಗಿಯುವವರು. ಇದು ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ. ಮೊದಲು ಇದೆಲ್ಲ ಮುಯ್ಯಾಳಿನಲ್ಲಿ ನಡೆಯುತ್ತಿತ್ತು: ಇವತ್ತು ನಮ್ಮನೆಗೆ ನೀವು, ನಾಳೆ ನಿಮ್ಮನೆಗೆ ನಾವು. ದುಡ್ಡಿನ ಮಾತಿಲ್ಲ, ಊಟ ಮಾತ್ರ.

1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು. ಆ ಹೆಂಚು ಘಟ್ಟ ಹತ್ತಿ ನಮ್ಮ ಮನೆಗಳನ್ನೆಲ್ಲ ಮುಚ್ಚಲು ತಡವಾಯಿತು. ನಾನು ಚಿಕ್ಕವಳಿದ್ದಾಗಲೂ ಕೊಟ್ಟಿಗೆಗಳು ಸೋಗೆಯವೇ. ಹೆಂಚು ಬಂದ ಮೇಲೆ ವರ್ಷ ವರ್ಷ ಪಕ್ಕದ ಮನೆಯವರನ್ನು ಕರೆಯುವ ಅಗತ್ಯ ಬೀಳಲಿಲ್ಲ. ಶೀಟು ಬಂದ ಮೇಲಂತೂ ಕೇಳುವುದೇ ಬೇಡ. ಒಳ್ಳೆಯದೇ ಆಯಿತು, ಚೈತ್ರದ ಬಿಸಿಲಿಗೆ ಒಂದು ಕಿಡಿ ಬಿದ್ದರೆ ಸಾಲು ಮನೆಗಳು ಹೋಗುತ್ತಿದ್ದ ಕಾಲ ಅದು. ಈಗ ನನ್ನ ಕಷ್ಟ ಏನೆಂದರೆ, ನಾನು ಮುಯ್ಯಾಳಿಗೆ ಕರೆದರೆ ಜನ ಬಂದಾರು, ತಿರುಗಿ ತೀರಿಸುವುದಕ್ಕೆ ಊರಲ್ಲಿ ಇನ್ನೊಂದು ಸೋಗೆ ಮಾಡು ಉಳಿದಿಲ್ಲ. ಹಾಗಾಗಿ ಕೂಲಿ ಕೊಡುತ್ತೇನೆ. ಲೆಕ್ಕ ಹಾಕಿದರೆ ನನ್ನ ‘ಸರಳ ಜೀವನ’ ಶೀಟಿಗಿಂತ ದುಬಾರಿ. ಸೋಗೆಗೂ ಅಣ್ಣನ ಹತ್ತಿರ ಪ್ರತಿ ವರ್ಷ ಚೌಕಾಸಿ. ಅವನಿಗೆ ಅದು ತೋಟದ ನೆಲ ಮುಚ್ಚುವುದಕ್ಕೆ ಬೇಕು.

ಹೊದೆಸುವ ಕೆಲಸ ಗೊತ್ತಿರುವ ಹಿರಿಯರು ಈಗ ಒಬ್ಬರೇ. ಸೋಗೆ ಮನೆಯಲ್ಲೇ ಹುಟ್ಟಿ ಬೆಳೆದವರು, ಈಗ ಸರ್ಕಾರದ ಯೋಜನೆಯಲ್ಲಿ ಕಟ್ಟಿದ ಶೀಟಿನ ಮನೆಯಲ್ಲಿದ್ದಾರೆ. ಹೋದ ಸಲ ಮಾಡಿನ ನೆತ್ತಿಯ ಮೇಲೆ ಕೂತು ಎಲೆಅಡಿಕೆ ಕವಳ ಹಾಕುತ್ತ ಹೇಳಿದರು: ‘ಅಮ್ಮಾ, ನಮ್ಮನೇಲಿ ಸೋಗೆ ಇದ್ದಾಗ ಹುಡುಗ್ರಿಗೆ ಹೆಣ್ಣು ಕೊಡೋಕೆ ಹಿಂದೆ ಮುಂದೆ ನೋಡ್ತಿದ್ರು. ನಿಮ್ಮ ಸೋಗೆ ನೋಡೋಕೆ ಕಾರು ಮಾಡ್ಕಂಡು ಬತ್ತಾರೆ.’ ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ, ಕೆಳಗಿನಿಂದ ಇನ್ನೊಂದು ಸೋಗೆ ಕೊಟ್ಟೆ. ಅವರ ಮಗನಿಗೆ ಈ ಕೆಲಸ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಒಂದು ಮಾಡಿಗಾಗಿ ಯಾರಾದರೂ ಯಾಕೆ ಕಲಿಯಬೇಕು? ಅವರಿಗೆ ಏಣಿ ಹತ್ತಲು ಆಗದ ವರ್ಷ ನಾನೂ ಹೆಂಚು ತರಿಸುತ್ತೇನೆ. ಅಳತೆ ತೆಗೆಸಿ ಇಟ್ಟಿದ್ದೇನೆ.

ಅಲ್ಲಿಯವರೆಗೆ, ನೋಡಬೇಕೆನ್ನುವವರು ಫೆಬ್ರವರಿ ಕೊನೆಗೆ ಬನ್ನಿ. ಏಣಿ ಹಿಡಿಯುವುದಕ್ಕೂ ಜನ ಬೇಕು. ಉದ್ದ ತೋಳಿನ ಅಂಗಿ ಇರಲಿ, ಸೋಗೆ ಧೂಳಿಗೆ ಮೈ ತುರಿಸುತ್ತದೆ, ಬಿಳಿಯದು ಬೇಡ. ಉಣುಗಿನ ಎಣ್ಣೆ ನನ್ನ ಹತ್ತಿರ ಇದೆ, ಮಧ್ಯಾಹ್ನದ ಊಟವೂ ನನ್ನದೇ. ಜುಲೈಯಲ್ಲಿ ಬಂದು ಬಾಗಿಲಲ್ಲಿ ನಿಂತು ತಲೆ ಎತ್ತಿ ನೋಡುವವರಿಗೆ ಚಹಾವೂ ಇಲ್ಲ.