ಸ್ಕೋರ್ 18, ವಯಸ್ಸು 48

ಕ್ಯಾನ್ಸರ್ ಗಡ್ಡೆಯೂ ಕೊರಿಯರ್‌ನಲ್ಲಿ ಅಮೆರಿಕಕ್ಕೆ ಹೋಗುತ್ತದೆ ಅಂತ ಕಳೆದ ಬೇಸಿಗೆಯವರೆಗೆ ನನಗೆ ಗೊತ್ತಿರಲಿಲ್ಲ. ನನ್ನದು ಹೋಯಿತು. ನಾನು ಮೈಸೂರು ಬಿಟ್ಟು ಹೊರಗೆ ಹೋಗುವುದೇ ಯಾರದಾದರೂ ಮದುವೆ ಇದ್ದರೆ. ಅದು ಮಾತ್ರ ಕ್ಯಾಲಿಫೋರ್ನಿಯಾ ನೋಡಿಕೊಂಡು ಬಂತು.

ಹಿಂದಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಎಡಗಡೆ ಎದೆಯಲ್ಲಿ ಗಂಟು ಸಿಕ್ಕಿತು, ಬಯಾಪ್ಸಿ ಆಯಿತು, ಆಪರೇಷನ್ ಆಯಿತು. ಸ್ತನ ಉಳಿಸಿ ಗಂಟು ಮತ್ತು ಅದರ ಸುತ್ತಲಿನ ಒಂದಿಷ್ಟು ಭಾಗ ತೆಗೆದರು. 1.8 ಸೆಂಟಿಮೀಟರ್, ಗ್ರೇಡ್ 2. ಗ್ರೇಡ್ ಅಂದರೆ ಗಡ್ಡೆಯ ಜೀವಕೋಶಗಳು ಸಹಜ ರೂಪದಿಂದ ಎಷ್ಟು ದೂರ ಹೋಗಿವೆ ಅನ್ನುವುದಕ್ಕೆ 1ರಿಂದ 3ರವರೆಗೆ ಕೊಡುವ ಅಂಕ. ಕಂಕುಳಿನ ಗ್ರಂಥಿಗಳಿಗೆ ಹರಡಿರಲಿಲ್ಲ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಪಾಸಿಟಿವ್, ಅಂದರೆ ಆ ಹಾರ್ಮೋನ್‌ಗಳ ಬಲದಿಂದ ಬೆಳೆಯುವ ಗಡ್ಡೆ. ಕೆಲವು ಗಡ್ಡೆಗಳನ್ನು ಜೋರಾಗಿ ಬೆಳೆಸುವ ಹರ್-2 ಅನ್ನುವ ಪ್ರೋಟೀನ್ ನೆಗೆಟಿವ್. ರಿಪೋರ್ಟ್ ನೋಡಿ ಸರ್ಜನ್ "ಒಳ್ಳೇ ಕ್ಯಾನ್ಸರ್ ಮೇಡಂ" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ರೇಡಿಯೇಷನ್ ಆಗಲೇಬೇಕು, ಹಾರ್ಮೋನ್ ಮಾತ್ರೆ ವರ್ಷಗಟ್ಟಲೆ ನುಂಗಲೇಬೇಕು. ಅದರಲ್ಲಿ ಚರ್ಚೆ ಇರಲಿಲ್ಲ. ಕೀಮೋ ವಿಷಯಕ್ಕೆ ಬಂದಾಗ ಆಂಕಾಲಜಿಸ್ಟ್ ಪೆನ್ನು ಕೆಳಗಿಟ್ಟರು.

"ಹತ್ತು-ಹದಿನೈದು ವರ್ಷದ ಹಿಂದೆ ನೀವು ಬಂದಿದ್ರೆ ಸುಮ್ನೆ ಕೊಟ್ಟುಬಿಡ್ತಿದ್ವಿ. ಈಗ ಗಡ್ಡೆಯನ್ನೇ ಕೇಳಿ ನೋಡಬಹುದು."

ಗಡ್ಡೆಯನ್ನು ಕೇಳುವ ಆ ಪರೀಕ್ಷೆಯ ಹೆಸರು ಆಂಕೋಟೈಪ್ ಡಿಎಕ್ಸ್. 2004ರಿಂದ ಬಳಕೆಯಲ್ಲಿದೆ. ಗಡ್ಡೆಯ ಚೂರಿನಲ್ಲಿ 21 ಜೀನ್‌ಗಳನ್ನು ನೋಡುತ್ತಾರೆ. ಅವುಗಳಲ್ಲಿ 16 ಕ್ಯಾನ್ಸರ್‌ಗೆ ಸಂಬಂಧಪಟ್ಟವು, ಉಳಿದ 5 ಹೋಲಿಸಿ ನೋಡಲು. ಜೀನ್ ಇದೆಯೋ ಇಲ್ಲವೋ ಅಂತಲ್ಲ, ಯಾವುದು ಎಷ್ಟು ಜೋರಾಗಿ ಕೆಲಸ ಮಾಡುತ್ತಿದೆ ಅಂತ ಅಳೆಯುತ್ತಾರೆ. ಕೊನೆಗೆ 0ಯಿಂದ 100ರವರೆಗಿನ ಒಂದು ಅಂಕ ಕೊಡುತ್ತಾರೆ. ಕ್ಯಾನ್ಸರ್ ಬೇರೆ ಕಡೆ ಮತ್ತೆ ಕಾಣಿಸಿಕೊಳ್ಳುವ ಅಪಾಯ ಎಷ್ಟು, ಕೀಮೋದಿಂದ ಲಾಭ ಎಷ್ಟು ಎನ್ನುವುದಕ್ಕೆ ಆ ಅಂಕವೇ ಆಧಾರ.

ಬೆಂಗಳೂರಿನಲ್ಲೇ ತಯಾರಾದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಅನ್ನುವ ಪರೀಕ್ಷೆಯೂ ಇದೆ ಅಂತ ಡಾಕ್ಟರೇ ಹೇಳಿದರು. ಅದು ಜೀನ್ ನೋಡುವುದಿಲ್ಲ, ಐದು ಪ್ರೋಟೀನ್‌ಗಳನ್ನು ನೋಡುತ್ತದೆ. ಜೊತೆಗೆ ಗಡ್ಡೆಯ ಅಳತೆ, ಗ್ರೇಡ್, ಗ್ರಂಥಿಗಳ ಸ್ಥಿತಿ ಸೇರಿಸಿ ಅಪಾಯ ಕಡಿಮೆಯೋ ಹೆಚ್ಚೋ ಅಂತ ಹೇಳುತ್ತದೆ. ಬೆಲೆ ಎಷ್ಟೋ ಕಡಿಮೆ. ಎರಡರಲ್ಲಿ ಯಾವುದು ಅಂತ ಮನೆಯಲ್ಲಿ ಮಾತಾಯಿತು. ಕೀಮೋ ಕೊಟ್ಟವರು, ಕೊಡದವರು ಅಂತ ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದ ದೊಡ್ಡ ಅಧ್ಯಯನ ಆಂಕೋಟೈಪ್ ಬೆನ್ನಿಗಿದೆ ಎನ್ನುವ ಕಾರಣಕ್ಕೆ ಅದನ್ನೇ ಆರಿಸಿಕೊಂಡೆವು. ಖರ್ಚು ಲಕ್ಷಗಳಲ್ಲಿ. ಇನ್ಶೂರೆನ್ಸ್‌ನವರು ಫೋನಿನಲ್ಲೇ "ಅದು ಚಿಕಿತ್ಸೆ ಅಲ್ಲ ಮೇಡಂ, ಬರೀ ಟೆಸ್ಟು. ಬರಲ್ಲ" ಅಂದರು. ಕೀಮೋ ಮಾಡಿಸಿಕೊಂಡರೆ ದುಡ್ಡು ಕೊಡುತ್ತಾರಂತೆ, ಕೀಮೋ ಬೇಕೋ ಬೇಡವೋ ಅಂತ ತಿಳಿದುಕೊಳ್ಳಲು ಕೊಡುವುದಿಲ್ಲವಂತೆ. ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಈ ಲೆಕ್ಕ ಮಾತ್ರ ಇವತ್ತಿಗೂ ಬಿಡಿಸಲು ಆಗಿಲ್ಲ.

ಗಡ್ಡೆ ಇದ್ದದ್ದು ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ. ಗಡ್ಡೆಯ ಚೂರಿರುವ ಬ್ಲಾಕ್ ಹೊರಗೆ ಕೊಡುವುದಿಲ್ಲ ಅಂತ ಅಲ್ಲಿ ಮೊದಲು ಹಟ. ಡಾಕ್ಟರ ಪತ್ರ, ನನ್ನ ಸಹಿ, ಆಧಾರ್ ಜೆರಾಕ್ಸ್, ಯಾರದೋ ಊಟದ ಸಮಯ, ಎಲ್ಲ ಮುಗಿದ ಮೇಲೆ ಒಳಗಿನಿಂದ ಒಬ್ಬ ಹುಡುಗಿ ಚಿಕ್ಕ ಕವರ್ ಹಿಡಿದು ಬಂದಳು.

"ನೋಡಬಹುದೇನಮ್ಮಾ?" ಅಂದೆ.

ಕವರಿನಿಂದ ತೆಗೆದು ಅಂಗೈ ಮೇಲಿಟ್ಟಳು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟು. ಅದರ ತುಂಬ ಬಿಳಿ ಮೇಣ. ಮೇಣದ ನಡುವೆ ಮಾಸಲು ಬಣ್ಣದ ಒಂದು ಚೂರು, ಉಗುರಿನಷ್ಟು ಅಗಲ ಇರಬಹುದು. ಚೌಕಟ್ಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನಂಬರು. ಪೆನ್ಸಿಲ್ ಯಾಕೆ ಅಂತ ಕೇಳಿದೆ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಕೇಳಿ ಬಂದ ಚಾಳಿ. "ಪೆನ್ನಿನ ಇಂಕು ಕೆಮಿಕಲ್‌ನಲ್ಲಿ ಕರಗಿಹೋಗುತ್ತೆ ಮೇಡಂ, ಪೆನ್ಸಿಲ್ ಹೋಗಲ್ಲ" ಅಂದಳು. ಆಮೇಲೆ, "ಬಿಸಿಲಲ್ಲಿ ನಿಂತ ಕಾರಲ್ಲಿ ಮಾತ್ರ ಇಡಬೇಡಿ, ಮೇಣ ಅಲ್ವಾ" ಅಂತಲೂ ಹೇಳಿದಳು. ಏಪ್ರಿಲ್ ತಿಂಗಳು. ಆಟೋದಲ್ಲಿ ಉದ್ದಕ್ಕೂ ಬ್ಯಾಗಿನ ಮೇಲೆ ಸೆರಗು ಹೊದಿಸಿಕೊಂಡು ಕೂತೆ. ಇಷ್ಟು ದಿನ ಒಳಗಿದ್ದು ನನಗೆ ಹೇಳದೆ ಬೆಳೆದದ್ದಕ್ಕೆ ಈಗ ಈ ಉಪಚಾರ ಬೇರೆ ಅಂತ ನಗು ಬಂತು.

ಬ್ಲಾಕ್ ಕಳಿಸಿದ ವಾರವೇ ತಂಗಿ ಫೋನ್ ಮಾಡಿದಳು. "ಅಕ್ಕಾ, ಜೀನ್ ಟೆಸ್ಟ್ ಅಂತೆ. ಹಾಗಾದ್ರೆ ನಾನೂ ಮಾಡಿಸಬೇಕಾ?" ಈ ಗೊಂದಲ ತುಂಬಾ ಜನಕ್ಕಿದೆ. ಅಪ್ಪ-ಅಮ್ಮನಿಂದ ಬರುವ ಬಿಆರ್‌ಸಿಎ ದೋಷ ಹುಡುಕುವ ಪರೀಕ್ಷೆ ಬೇರೆ. ಅದನ್ನು ರಕ್ತದಲ್ಲೋ ಎಂಜಲಲ್ಲೋ ನೋಡುತ್ತಾರೆ, ಅದರ ಫಲಿತಾಂಶ ಒಡಹುಟ್ಟಿದವರಿಗೂ ಮಕ್ಕಳಿಗೂ ಸಂಬಂಧಪಟ್ಟದ್ದು. ನನ್ನದು ಗಡ್ಡೆಯ ಪರೀಕ್ಷೆ. ಆ ಗಡ್ಡೆಗೆ ಮಾತ್ರ ಸೇರಿದ್ದು. ಬಿಆರ್‌ಸಿಎ ಬಗ್ಗೆ ನಿನ್ನ ಡಾಕ್ಟರನ್ನೇ ಕೇಳು ಅಂದೆ.

ಕಾಯುವ ದಿನಗಳಲ್ಲಿ ಮನೆಗೆ ಬಂದವರೆಲ್ಲ ನನ್ನ ಕೂದಲು ನೋಡುತ್ತಿದ್ದರು. ಉದುರಿಲ್ಲ ಅಂದರೆ ಇನ್ನೂ ಶುರುವಾಗಿಲ್ಲ ಅಂತ ಲೆಕ್ಕ. ಅತ್ತಿಗೆಯಂತೂ ನೇರವಾಗಿಯೇ ಹೇಳಿದರು: "ದುಡ್ಡಿನ ಮುಖ ನೋಡಬೇಡ. ಬೇಕಾದ್ರೆ ನಾವು ಕೊಡ್ತೀವಿ. ಕೀಮೋ ಇಲ್ದೆ ಕ್ಯಾನ್ಸರ್ ಹೋಗುತ್ತೇನೇ?" ಕೀಮೋ ತಪ್ಪಿಸಲು ನೋಡುತ್ತಿದ್ದೇನೆ ಅನ್ನುವುದು ಅವರಿಗೆ ಜಿಪುಣತನದ ಹಾಗೆ ಕಂಡಿತ್ತು. ಅದಕ್ಕೇ ಲಕ್ಷಗಟ್ಟಲೆ ಸುರಿದಿದ್ದೇನೆ ಅಂತ ಹೇಳಲಿಲ್ಲ. ಹೇಳಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ರಿಪೋರ್ಟ್ ಬಂತು. 18.

ಡಾಕ್ಟರು ಅದನ್ನು ನೋಡಿ ತಕ್ಷಣ ಖುಷಿಯಾಗಲಿಲ್ಲ, ಬೇಜಾರೂ ಆಗಲಿಲ್ಲ. "ಟೇಲರ್‌ಎಕ್ಸ್ ಅಂತ ಒಂದು ಅಧ್ಯಯನ ಆಗಿದೆ" ಅಂತ ಶುರು ಮಾಡಿದರು. 2018ರಲ್ಲಿ ಅದರ ಫಲಿತಾಂಶ ಬಂತು. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ಅಂಕ 11ರಿಂದ 25ರ ನಡುವೆ ಬಂದವರಲ್ಲಿ ಅರ್ಧ ಜನಕ್ಕೆ ಹಾರ್ಮೋನ್ ಚಿಕಿತ್ಸೆ ಮಾತ್ರ, ಇನ್ನರ್ಧಕ್ಕೆ ಅದರ ಜೊತೆ ಕೀಮೋ. ಯಾರು ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ. ಒಂಬತ್ತು ವರ್ಷದ ಹೊತ್ತಿಗೆ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡದೆ ಉಳಿದವರು ಕೀಮೋ ಇಲ್ಲದ ಗುಂಪಿನಲ್ಲಿ ನೂರಕ್ಕೆ 94.5, ಕೀಮೋ ಪಡೆದವರಲ್ಲಿ 95. ಅಂದರೆ ಹೆಚ್ಚುಕಡಿಮೆ ಒಂದೇ. ಆ ಅಧ್ಯಯನಕ್ಕೆ ಅಮೆರಿಕದ ಅಂಚೆ ಇಲಾಖೆ ಮಾರಿದ ಸ್ತನ ಕ್ಯಾನ್ಸರ್ ಅಂಚೆಚೀಟಿಯ ದುಡ್ಡೂ ಸೇರಿತ್ತು ಅಂತ ಆಮೇಲೆ ಓದಿದೆ. ಯಾರೋ ಪುಣ್ಯಾತ್ಮರು ನಾಲ್ಕು ಕಾಸು ಜಾಸ್ತಿ ಕೊಟ್ಟು ಕಾಗದ ಹಾಕಿದ್ದಕ್ಕೆ ಮೈಸೂರಿನಲ್ಲಿ ನನ್ನ ಮುಂದೆ ಒಂದು ಉತ್ತರ ಬಂದು ಕೂತಿತ್ತು.

ಪೂರ್ತಿ ಉತ್ತರ ಅಲ್ಲ. "ನಿಮಗೆ 50 ದಾಟಿದ್ರೆ ಇಲ್ಲಿಗೇ ಮಾತು ಮುಗೀತಿತ್ತು" ಅಂದರು ಡಾಕ್ಟರು. 50 ಮತ್ತು ಅದರೊಳಗಿನವರಲ್ಲಿ ಅಂಕ 16 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೀಮೋದಿಂದ ಸ್ವಲ್ಪ ಲಾಭ ಕಂಡಿದೆಯಂತೆ. 21ರಿಂದ 25ಕ್ಕೆ ನೂರರಲ್ಲಿ ಸುಮಾರು 6.5 ಜನಕ್ಕೆ. ನನ್ನ ಹಾಗೆ 16ರಿಂದ 20ರೊಳಗಿದ್ದರೆ ಸುಮಾರು 1.6. ನನಗೆ 48, ಮುಟ್ಟು ಇನ್ನೂ ನಿಂತಿರಲಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿಗೇ ಬರುವುದು ಜಾಸ್ತಿ. ಹಾಗಾಗಿ ಸುಲಭದ ಉತ್ತರ ಸಿಗದೆ ಈ 50ರ ಗೆರೆಯ ಈಚೆಗೇ ಉಳಿಯುವ ಹೆಂಗಸರೂ ನಮ್ಮಲ್ಲಿ ಜಾಸ್ತಿ ಇರಬೇಕು. ಟೇಲರ್‌ಎಕ್ಸ್ ನಡೆದ ಆರು ದೇಶಗಳಲ್ಲಿ ಭಾರತ ಇರಲಿಲ್ಲ ಅನ್ನುವುದು ಬೇರೆ.

ಅವತ್ತು ರಾತ್ರಿ ಊಟದ ಮೇಲೆ ಮಗಳು, ನಾನು, ಇವರು ಕೂತೆವು. ನಾನು ಹಳೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದೆ. ನನ್ನಂಥ ಸಾವಿರ ಜನಕ್ಕೆ ಕೀಮೋ ಕೊಟ್ಟರೆ 16 ಜನಕ್ಕೆ ಉಪಯೋಗ. ಉಳಿದ 984 ಜನಕ್ಕೆ ಸುಮ್ಮನೆ. ಅವರಲ್ಲಿ ಬಹಳಷ್ಟು ಜನಕ್ಕೆ ಕೊಡದಿದ್ದರೂ ಕಾಯಿಲೆ ವಾಪಸ್ ಬರುತ್ತಿರಲಿಲ್ಲ, ಕೆಲವರಿಗೆ ಕೊಟ್ಟರೂ ಬರುತ್ತದೆ. ಆದರೆ ಕೂದಲು ಹೆಚ್ಚುಕಡಿಮೆ ಎಲ್ಲರದ್ದೂ ಉದುರುತ್ತದೆ. ಬಿಳಿ ರಕ್ತಕಣ ಇಳಿದು ಜ್ವರ ಬಂದು ಅಡ್ಮಿಟ್ ಆಗುವವರು ಇರುತ್ತಾರೆ. ಕೆಲವರಿಗೆ ಬೆರಳ ತುದಿಯ ಜೋಮು ಹೋಗುವುದೇ ಇಲ್ಲ.

ಮಗಳು ನೋಟ್‌ಬುಕ್ ತನ್ನ ಕಡೆ ತಿರುಗಿಸಿಕೊಂಡಳು. "ಎಲ್ಲಾ ಸರಿ. ಆ 16ರಲ್ಲಿ ನೀನೇ ಇದ್ರೆ ಏನಮ್ಮಾ?"

ಎಸ್ಸೆಸ್ಸೆಲ್ಸಿಗೆ ಸಂಭವನೀಯತೆ ಪಾಠ ಮಾಡುವಾಗ ಪ್ರತಿ ವರ್ಷ ಒಬ್ಬ ಹುಡುಗ ಎದ್ದು ನಿಂತು ಕೇಳುತ್ತಾನೆ, "ಹಾಗಾದ್ರೆ ಈಗ ದಾಳ ಹಾಕಿದ್ರೆ ಏನು ಬೀಳುತ್ತೆ ಮಿಸ್?" ಅದು ಗೊತ್ತಾಗಲ್ಲ ಕಣೋ, ಸಾವಿರ ಸಲ ಹಾಕಿದರೆ ಹೇಳಬಹುದು ಅಂತ ಹೇಳಿ ಕೂರಿಸುತ್ತೇನೆ. ಮಗಳನ್ನು ಹಾಗೆ ಕೂರಿಸಲು ಆಗಲಿಲ್ಲ. ಇವರು ಏನೂ ಹೇಳದೆ ತಟ್ಟೆ ತೊಳೆಯಲು ಎದ್ದರು. ನನ್ನ ಆಪರೇಷನ್ ಆದಾಗಿನಿಂದ ಮಾತಿಗೆ ಸಿಕ್ಕಾಗಲೆಲ್ಲ ಇವರು ಪಾತ್ರೆ ತೊಳೆಯುತ್ತಿದ್ದರು.

ಎರಡನೇ ಅಭಿಪ್ರಾಯಕ್ಕೆ ಅಂತ ಬೆಂಗಳೂರಿಗೆ ಹೋದೆವು. ಹಿರಿಯ ಡಾಕ್ಟರು. 1.6 ಅಂತ ನಾನು ಹೇಳುವಾಗಲೇ ತಡೆದು, "ಗಡ್ಡೆ ಎಷ್ಟು ದೊಡ್ಡದು? ಗ್ರೇಡ್?" ಅಂದರು. ಹೇಳಿದೆ. ಅವರು ಹಾಳೆ ಮೇಲೆ ಒಂದು ಗೆರೆ ಎಳೆದರು.

"ಟೀಚರ್ ಅಂದ್ರಿ. ಸರಾಸರಿ ಅಂದ್ರೆ ನಿಮಗೆ ಗೊತ್ತು. 1.6 ಅನ್ನೋದು ಎರಡು ಬೇರೆ ಬೇರೆ ಗುಂಪಿನ ಸರಾಸರಿ."

ಅದೇ ಟೇಲರ್‌ಎಕ್ಸ್ ಲೆಕ್ಕವನ್ನು 2019ರಲ್ಲಿ ಗಡ್ಡೆಯ ಅಳತೆ, ಗ್ರೇಡ್ ಸೇರಿಸಿ ಮತ್ತೆ ಮಾಡಿದ್ದಾರಂತೆ. ಗ್ರೇಡ್ 1 ಇದ್ದು 3 ಸೆಂಟಿಮೀಟರ್‌ವರೆಗೆ, ಗ್ರೇಡ್ 2 ಇದ್ದು 2 ಸೆಂಟಿಮೀಟರ್‌ವರೆಗೆ, ಗ್ರೇಡ್ 3 ಇದ್ದು 1 ಸೆಂಟಿಮೀಟರ್‌ವರೆಗೆ ಇದ್ದರೆ ಕಡಿಮೆ ಅಪಾಯದ ಗುಂಪು. 50ರೊಳಗಿನವರಲ್ಲಿ, ಅಂಕ 16ರಿಂದ 20 ಇದ್ದು, ಈ ಕಡಿಮೆ ಅಪಾಯದ ಗುಂಪಿಗೆ ಸೇರಿದವರಿಗೆ ಕೀಮೋದಿಂದ ಲಾಭ ಕಾಣಲಿಲ್ಲ. ಹೆಚ್ಚು ಅಪಾಯದ ಗುಂಪಿನವರಿಗೆ ಕಂಡಿತು, ಸುಮಾರು 6.5. ಎರಡೂ ಗುಂಪಿನವರನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಸಿಕ್ಕಿದ್ದೇ ನಾನು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡ ಆ 1.6.

ನನ್ನದು 1.8. ಗೆರೆಯಿಂದ 2 ಮಿಲಿಮೀಟರ್ ಈಚೆ. ಇನ್ನೆರಡು ತಿಂಗಳು ತಡವಾಗಿ ಡಾಕ್ಟರ ಹತ್ತಿರ ಹೋಗಿದ್ದರೆ ಅದು ಎಷ್ಟಿರುತ್ತಿತ್ತೋ.

ಇನ್ನೊಂದು ಮಾತೂ ಹೇಳಿದರು. ಚಿಕ್ಕ ವಯಸ್ಸಿನವರಿಗೆ ಕೀಮೋದಿಂದ ಆಗುವ ಲಾಭದಲ್ಲಿ ಒಂದು ಪಾಲು, ಅದು ಅಂಡಾಶಯವನ್ನು ಸುಸ್ತು ಮಾಡಿ ಮುಟ್ಟು ನಿಲ್ಲಿಸುವುದರಿಂದ ಬರುತ್ತಿರಬಹುದು ಅಂತ ಬಹಳ ಡಾಕ್ಟರುಗಳ ಅನುಮಾನ. ಹಾಗಿದ್ದರೆ ಆ ಕೆಲಸವನ್ನು ಇಂಜೆಕ್ಷನ್ನಿನಿಂದಲೇ ಮಾಡಿಸಬಹುದು. ಇದನ್ನೇ ಖಚಿತ ಮಾಡಿಕೊಳ್ಳಲು 2023ರಲ್ಲಿ ಅಮೆರಿಕದಲ್ಲಿ ಆಫ್‌ಸೆಟ್ ಅನ್ನುವ ಹೊಸ ಅಧ್ಯಯನ ಶುರುವಾಗಿದೆ. ಅದರ ಉತ್ತರ ಬರುವವರೆಗೆ ನಾನು ಕಾಯುವಂತಿಲ್ಲ.

ಕೀಮೋ ಬೇಡ ಅಂತ ವಾಪಸ್ ಬರುವಾಗ ದಾರಿಯಲ್ಲೇ ತೀರ್ಮಾನ ಮಾಡಿದೆ. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗ ಇವರಿಗೆ ಹೇಳಿದೆ. "ನಿನಗೆ ಸರಿ ಅನ್ಸಿದ್ರೆ ಸರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಡಾಕ್ಟರಿಗೂ ಸರಿ ಅನ್ಸಿದೆ ತಾನೇ?" ಅಂದರು. ಮೈಸೂರಿನ ಡಾಕ್ಟರು 2019ರ ಲೆಕ್ಕ ನೋಡಿ ಒಪ್ಪಿದರು. ರೇಡಿಯೇಷನ್‌ಗೆ ದಿನಾಂಕ ಕೊಟ್ಟರು.

ಕೀಮೋ ಇಲ್ಲ ಅಂದರೆ ಸುಖ ಅಂತ ಯಾರೂ ತಿಳಿಯಬಾರದು. ಅಂಡಾಶಯವನ್ನು ಸುಮ್ಮನಾಗಿಸಲು 28 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿಗೆ ಗೊಸೆರೆಲಿನ್ ಇಂಜೆಕ್ಷನ್. ಔಷಧ ನೀರಿನ ಹಾಗಿರುವುದಿಲ್ಲ, ಸಣ್ಣ ಕಡ್ಡಿಯ ಹಾಗೆ ಗಟ್ಟಿ. ಅದಕ್ಕೆ ಸೂಜಿಯೂ ದಪ್ಪ. ನರ್ಸ್ "ಆ ಕಡೆ ನೋಡಿ ಮೇಡಂ" ಅಂತಾರೆ, ನಾನು ಆ ಕಡೆಯೇ ನೋಡುತ್ತೇನೆ. ಅದರ ಜೊತೆ ದಿನಾ ಮಾತ್ರೆ. ಬೆಳಿಗ್ಗೆ ಎದ್ದರೆ ಮಂಡಿ ಹಿಡಿದುಕೊಂಡಿರುತ್ತದೆ. ಡಿಸೆಂಬರಿನ ಚಳಿಯಲ್ಲಿ ಬೋರ್ಡಿನ ಮುಂದೆ ನಿಂತು ಬೆವರಿ, ಫ್ಯಾನ್ ಹಾಕು ಅಂದರೆ ಮಕ್ಕಳು ಸ್ವೆಟರ್ ಎಳೆದುಕೊಂಡು ನನ್ನನ್ನೇ ನೋಡುತ್ತವೆ.

ಅತ್ತಿಗೆಯ ಕೋಪ ತಿಂಗಳುಗಟ್ಟಲೆ ಇತ್ತು. ಮೊನ್ನೆ ಅವರೇ ಫೋನ್ ಮಾಡಿದರು. ಅವರ ಕಡೆಯ ಒಬ್ಬರಿಗೆ ಇದೇ ಕಾಯಿಲೆಯಂತೆ. "ನಿನ್ನ ಆ ಅಮೆರಿಕದ ಟೆಸ್ಟಿನ ಹೆಸರು ಬರೆದು ಕಳಿಸು. ಅವಳಿಗೂ ಕೀಮೋ ತಪ್ಪಲಿ ಪಾಪ."

ರಿಪೋರ್ಟಿನ ಫೋಟೋ ಹಾಕಿ ಅಂದೆ. ನೋಡಿದರೆ ಹರ್-2 ಪಾಸಿಟಿವ್. ಈ ಪರೀಕ್ಷೆ ಇರುವುದು ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ಆದವರಿಗೆ. ಹರ್-2ಗೆ ಬೇರೆ ಔಷಧ ಇದೆ, ಸಾಮಾನ್ಯವಾಗಿ ಅದನ್ನು ಕೀಮೋ ಜೊತೆಗೇ ಕೊಡುತ್ತಾರೆ, ಅವರ ಡಾಕ್ಟರು ಹೇಳಿದ ಹಾಗೆ ಮಾಡಿಸಲಿ ಅಂದೆ.

"ನಿನಗಾದ್ರೆ ಬೇಡ, ಅವಳಿಗಾದ್ರೆ ಬೇಕಾ? ಅದೆಂಥ ನ್ಯಾಯ?" ಅಂದರು ಅತ್ತಿಗೆ. ಒಂದು ಕುರ್ಚಿ ಎಳೆದುಕೊಂಡು ಕೂತು ಮೊದಲಿಂದ ಹೇಳಲು ಶುರು ಮಾಡಿದೆ.